ಬರ್ಮಾ ಅಡಿಕೆ ಬರುವ ಊರಲ್ಲಿ ನಿರಾಶ್ರಿತರ ಕ್ಯಾಂಪ್ ಇದೆಯಂತೆ, ಯಾರಾದ್ರೂ ನೋಡಿದ್ದೀರಾ?

ರಾಶಿ ಇಡಿ (ತೀರ್ಥಹಳ್ಳಿ)

ಎಲ್ಲರಿಗೂ ನಮಸ್ಕಾರ. ಮಂಡಿಯಲ್ಲಿ ರೇಟು ಬಿದ್ದಾಗಲೆಲ್ಲ ನಮ್ಮ ಕಡೆ ಮೊದಲು ಬೈಸಿಕೊಳ್ಳುವುದು ಬರ್ಮಾ ಅಡಿಕೆ. 2023ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಆಮದು ಅಡಿಕೆಯ ಕನಿಷ್ಠ ಬೆಲೆಯನ್ನು ಕೆಜಿಗೆ 251 ರೂಪಾಯಿಯಿಂದ 351ಕ್ಕೆ ಏರಿಸಿತು. ಕಳ್ಳದಾರಿಯಲ್ಲಿ ಬರುವವನಿಗೆ ಯಾವ ಬೆಲೆಯಾದರೇನು, ಅಲ್ವಾ? ಆ ಸುದ್ದಿಗಳಲ್ಲಿ ಮಿಜೋರಾಂನ ಚಂಫಾಯ್, ಜೋಖಾವ್‌ಥಾರ್ ಅನ್ನುವ ಹೆಸರು ಪದೇ ಪದೇ ಬರುತ್ತವೆ. ಮೊನ್ನೆ ಜೋಖಾವ್‌ಥಾರ್ ಬಗ್ಗೆ ಓದಲು ಹೋದರೆ ಅಡಿಕೆ ಮಾತೇ ಇಲ್ಲ. ಊರ ತುಂಬ ಬರ್ಮಾದಿಂದ ಓಡಿಬಂದ ಜನ, ಟಾರ್ಪಾಲಿನ್ ಹೊದೆಸಿದ ಕ್ಯಾಂಪುಗಳು. ಅಷ್ಟು ಸಣ್ಣ ಊರು ಅಷ್ಟು ಜನರನ್ನು ಹೇಗೆ ಸಾಕುತ್ತದೆ? ಆ ಕಡೆ ಹೋಗಿ ಬಂದವರಿದ್ದರೆ ಹೇಳಿ. ಸುಮ್ನೆ ಕುತೂಹಲ.

ರಸ್ತೆ ಮೇಸ್ತ್ರಿ (ಹಾವೇರಿ)

ನಾನಿದ್ದೆ. 2021ರ ಕೊನೆಯಿಂದ 2024ರ ಬೇಸಿಗೆವರೆಗೆ, ರಸ್ತೆ ಕೆಲಸದ ಮೇಲೆ. ಉದ್ದ ಆಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ಮೊದಲು ಜಾಗದ ಅಂದಾಜು ಸಿಗಲಿ. ಐಜಾಲ್‌ನಿಂದ ಚಂಫಾಯ್‌ಗೆ ಗುಡ್ಡ ಸುತ್ತಿ ಸುತ್ತಿ ಹೋಗುವಷ್ಟರಲ್ಲಿ ಒಂದು ದಿನ ಮುಗಿಯುತ್ತದೆ. ಅಲ್ಲಿಂದ ಮುಂದೆ ಸುಮಾರು 28 ಕಿ.ಮೀ. ಇಳಿದರೆ ಜೋಖಾವ್‌ಥಾರ್. ‘ಖಾವ್’ ಅಂದರೆ ಊರು, ‘ಥಾರ್’ ಅಂದರೆ ಹೊಸದು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಹೊಸೂರು. ಊರ ಕೆಳಗೆ ತಿಯಾವ್ ಹೊಳೆ. ಹೊಳೆ ಅಂದಕೂಡಲೇ ತುಂಗಭದ್ರೆ ನೆನೆಸಿಕೊಳ್ಳಬೇಡಿ. ಬೇಸಿಗೆಯಲ್ಲಿ ಪ್ಯಾಂಟ್ ಮಡಚಿಕೊಂಡು ದಾಟಬಹುದು. ಮೇಲೊಂದು ಕಬ್ಬಿಣದ ಸೇತುವೆ. ಆಚೆ ದಡದಲ್ಲಿ ಖಾವ್‌ಮಾವಿ ಅನ್ನುವ ಊರು, ಅದು ಬರ್ಮಾದ ಚಿನ್ ರಾಜ್ಯ. ಈ ಮನೆಯಲ್ಲಿ ಕೋಳಿ ಕೂಗಿದರೆ ಆ ದೇಶಕ್ಕೆ ಕೇಳಿಸುತ್ತದೆ.

ಆಚೆಯ ಚಿನ್ನರು, ಈಚೆಯ ಮಿಜೋಗಳು ಮೂಲದಲ್ಲಿ ಒಂದೇ ಜನ, ಜೋ ಜನ. ಮಾತು ಹತ್ತಿರ, ಚರ್ಚು ಒಂದೇ ಥರ, ಮದುವೆ ಸಂಬಂಧ ಎರಡೂ ಕಡೆ. ‘ಮಿಜೋರಾಂನ ಅತಿ ದೊಡ್ಡ ಕೆರೆ ಯಾವುದು?’ ಅಂತ ಕೇಳಿದರೆ ‘ರಿಹ್ ದಿಲ್, ಆದರೆ ಅದು ಬರ್ಮಾದಲ್ಲಿದೆ’ ಅನ್ನುವುದು ಅಲ್ಲಿಯ ಮಾಮೂಲಿ ತಮಾಷೆ. ಹಳೆಯ ನಂಬಿಕೆಯಲ್ಲಿ ಸತ್ತವರ ಆತ್ಮ ಹೋಗುವುದೇ ಆ ಕೆರೆ ದಾಟಿ. ಸತ್ತ ಮೇಲೂ ಗಡಿ ದಾಟುವ ಜನ ಅವರು, ಬದುಕಿರುವಾಗ ದಾಟದೆ ಇರುತ್ತಾರಾ?

2021ರ ಫೆಬ್ರವರಿ 1ರಂದು ಬರ್ಮಾದಲ್ಲಿ ಸೈನ್ಯ ಅಧಿಕಾರ ಕಿತ್ತುಕೊಂಡಿತು. ಮಾರ್ಚ್‌ನಲ್ಲಿ ಮೊದಲು ಹೊಳೆ ದಾಟಿದವರಲ್ಲಿ ಪೊಲೀಸರೇ ಇದ್ದರು, ಜನರ ಮೇಲೆ ಗುಂಡು ಹೊಡೆಯಲ್ಲ ಅಂದವರು. ಆಮೇಲೆ ಚಿನ್ ರಾಜ್ಯದಲ್ಲಿ ಯುದ್ಧ ಶುರುವಾಯಿತು. ಥಾಂತ್ಲಾಂಗ್ ಅನ್ನುವ ಪಟ್ಟಣ ಆ ವರ್ಷದ ಅಕ್ಟೋಬರ್‌ನಲ್ಲಿ ಬೆಂಕಿಗೆ ಬಿತ್ತು. ಒಂದೇ ದಿನ ನೂರಕ್ಕೂ ಹೆಚ್ಚು ಮನೆ ಸುಟ್ಟವು. ನಾನು ಹೋಗುವಷ್ಟರಲ್ಲಿ ಗುಡ್ಡದ ಇಳಿಜಾರಿನಲ್ಲಿ ಬಿದಿರ ತಟ್ಟಿ, ನೀಲಿ ಟಾರ್ಪಾಲಿನ್ ಎದ್ದಿದ್ದವು. ಬೇಲಿ ಇಲ್ಲ, ಗೇಟಿಲ್ಲ, ಕಾವಲಿಲ್ಲ. ಕ್ಯಾಂಪ್ ಎಲ್ಲಿ ಮುಗಿದು ಊರು ಎಲ್ಲಿ ಶುರುವಾಗುತ್ತದೆ ಅಂತ ಗೊತ್ತಾಗಲು ನನಗೆ ಒಂದು ತಿಂಗಳು ಬೇಕಾಯಿತು.

ಸಾಕುವುದು ಹೇಗೆ ಅಂದಿರಲ್ಲ. ಅಲ್ಲಿ ಪ್ರತಿ ಊರಲ್ಲೂ ಧ್ವನಿವರ್ಧಕ ಇರುತ್ತದೆ. ಸಂಜೆ ಯಂಗ್ ಮಿಜೋ ಅಸೋಸಿಯೇಷನ್ನಿನವರು ಅದರಲ್ಲಿ ಡಂಗುರ ಹೊಡೆದ ಹಾಗೆ ಹೇಳುತ್ತಾರೆ. ಇಂಥವರು ತೀರಿಕೊಂಡರು, ನಾಳೆ ಗುಂಡಿ ತೋಡಲು ಬನ್ನಿ. ಇಂಥ ಕಡೆ ಹತ್ತು ಕುಟುಂಬ ಬಂದಿವೆ, ಕಂಬಳಿ ಇದ್ದವರು ತನ್ನಿ. ಬಿದಿರು ಕಡಿಯಲು ಮನೆಗೊಬ್ಬರು. ಕೇಳಿದವರು ಹೋಗುತ್ತಾರೆ. ಹೋಗದವರನ್ನು ಯಾರೂ ಬೈಯುವುದಿಲ್ಲ, ಆದರೆ ಮರುದಿನ ಎಲ್ಲರಿಗೂ ಗೊತ್ತಿರುತ್ತದೆ.

ಇನ್ನೊಂದು, ಹಿಡಿ ಅಕ್ಕಿ. ಮಿಜೋ ಹೆಂಗಸರು ಅನ್ನಕ್ಕಿಡುವಾಗಲೆಲ್ಲ ಒಂದು ಹಿಡಿ ಅಕ್ಕಿ ಬೇರೆ ಡಬ್ಬಿಗೆ ಹಾಕುತ್ತಾರೆ, ಚರ್ಚಿಗೆ ಅಂತ. ‘ಬುಹ್‌ಫಾಯ್ ಥಾಮ್’ ಅನ್ನುತ್ತಾರೆ. ನೂರು ವರ್ಷ ದಾಟಿದ ಪದ್ಧತಿ. ಆ ಡಬ್ಬಿಯ ಪಕ್ಕದಲ್ಲೇ ಕ್ಯಾಂಪಿನವರಿಗೆ ಅಂತ ಇನ್ನೊಂದು ಡಬ್ಬಿ ಇಟ್ಟಿದ್ದನ್ನು ನಾನು ಊಟಕ್ಕೆ ಹೋಗುತ್ತಿದ್ದ ಮನೆಯಲ್ಲಿ ನೋಡಿದೆ. ಹಳೆಯ ಹಾಲಿನ ಪುಡಿ ಡಬ್ಬಿ, ಮುಚ್ಚಳ ಕಳೆದಿತ್ತು, ತಟ್ಟೆ ಮುಚ್ಚಿದ್ದರು.

ಕುಶಾಲನಗರದ ಅಕ್ಕ

ಹಿಡಿ ಅಕ್ಕಿ ಓದಿ ನಮ್ಮಜ್ಜಿ ನೆನಪಾದರು. ಅವರು ಮಠಕ್ಕೆ ಅಂತ ಹೀಗೇ ಎತ್ತಿಡುತ್ತಿದ್ದರು.

ಆದರೆ ಮೇಸ್ತ್ರಿಯವರೇ, ನಮಗೆ ನಿರಾಶ್ರಿತರು ಅಂದರೆ ಬೈಲಕುಪ್ಪೆ. 1960ರ ಸುಮಾರಿಗೆ ಆಗಿನ ಮೈಸೂರು ರಾಜ್ಯ ಸರ್ಕಾರ ಮೂರು ಸಾವಿರ ಎಕರೆಯಷ್ಟು ಕಾಡು ಜಮೀನು ಕೊಟ್ಟಿತು. ನೆಹರೂ ಕೇಳಿದರು, ರಾಜ್ಯ ಕೊಟ್ಟಿತು. ಮರ ಕಡಿದು ಜೋಳ ಹಾಕಿದ ಟಿಬೆಟನ್ನರ ಪಾಡು ಸಣ್ಣದಲ್ಲ, ಆನೆ ಕಾಟದ ಕತೆ ನಮ್ಮ ತಂದೆಯೇ ಹೇಳುತ್ತಿದ್ದರು. ಆದರೂ ಅವರಿಗೆ ಜಮೀನು, ಸೊಸೈಟಿ, ಶಾಲೆ, ಕೈಯಲ್ಲಿ ನೋಂದಣಿ ಪುಸ್ತಕ ಎಲ್ಲ ಇತ್ತು. ನೀವು ಹೇಳುವ ಜನರಿಗೆ ಸರ್ಕಾರದಿಂದ ಏನು ಸಿಗುತ್ತದೆ? ಮಕ್ಕಳು ಶಾಲೆಗೆ ಹೋಗುತ್ತಾರಾ?

ರಸ್ತೆ ಮೇಸ್ತ್ರಿ (ಹಾವೇರಿ)

ಅಕ್ಕ, ಫರಕು ಅಲ್ಲೇ ಇರೋದು. ಟಿಬೆಟನ್ನರನ್ನು ದೆಹಲಿ ಕರೆದು ಕೂರಿಸಿತು. ಇವರನ್ನು ದೆಹಲಿ ಬರಬೇಡಿ ಅಂದಿತು. 2021ರ ಮಾರ್ಚ್ 10ಕ್ಕೆ ಗೃಹ ಸಚಿವಾಲಯ ಈಶಾನ್ಯದ ಗಡಿ ರಾಜ್ಯಗಳಿಗೆ ಪತ್ರ ಬರೆದು, ಒಳಗೆ ಬಿಡಬೇಡಿ, ನಿರಾಶ್ರಿತರು ಅಂತ ಮಾನ್ಯ ಮಾಡುವ ಅಧಿಕಾರ ರಾಜ್ಯಗಳಿಗೆ ಇಲ್ಲ ಅಂತ ಹೇಳಿತು. ಅದೇ ತಿಂಗಳಲ್ಲಿ ಮಿಜೋರಾಂನ ಆಗಿನ ಮುಖ್ಯಮಂತ್ರಿ ಜೋರಾಂಥಾಂಗ ಪ್ರಧಾನಿಗೆ ಪತ್ರ ಬರೆದು, ಇವರು ನಮ್ಮ ಬಂಧುಗಳು, ಕಣ್ಣುಮುಚ್ಚಿ ಕೂರಲು ಆಗಲ್ಲ ಅಂದರು. 1951ರ ನಿರಾಶ್ರಿತರ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ. ಹಾಗಾಗಿ ಕಾಗದದ ಮೇಲೆ ಇವರಿಗೆ ನಿರಾಶ್ರಿತರು ಅನ್ನುವ ಹೆಸರೇ ಇಲ್ಲ, ಬರೀ ವಿದೇಶಿಯರು. ರಾಜ್ಯ ಸರ್ಕಾರ ಗುರುತಿನ ಚೀಟಿ ಕೊಟ್ಟಿತು. ಅದನ್ನು ತೋರಿಸಿ ಸರ್ಕಾರದ ಯಾವ ಯೋಜನೆಯನ್ನೂ ಕೇಳುವ ಹಾಗಿಲ್ಲ.

ಮಕ್ಕಳನ್ನು ಮಾತ್ರ 2021ರ ಆಗಸ್ಟ್‌ನಲ್ಲೇ ಸರ್ಕಾರಿ ಶಾಲೆಗೆ ಸೇರಿಸಿಕೊಳ್ಳಿ ಅಂತ ಶಿಕ್ಷಣ ಇಲಾಖೆ ಹೇಳಿತು. ಅದು ದೊಡ್ಡ ಮಾತು.

ಪದದ ವಿಷಯ ಬಂತಲ್ಲ, ಒಂದು ಹೇಳಿಬಿಡುತ್ತೇನೆ. ಮಿಜೋದಲ್ಲಿ ನಿರಾಶ್ರಿತರಿಗೆ ‘ರಾಲ್‌ತ್ಲಾನ್’ ಅನ್ನುತ್ತಾರೆ. ರಾಲ್ ಅಂದರೆ ಶತ್ರು, ಯುದ್ಧ. ತ್ಲಾನ್ ಅಂದರೆ ಓಡು. ಆದರೆ ಮಾತಾಡುವಾಗ ಜಾಸ್ತಿ ಜನ ಬಳಸುವುದು ‘ಉನಾವ್’, ಒಡಹುಟ್ಟಿದವರು. ಇನ್ನು ನನಗೆ? ನಾನು ‘ವೈ’. ಬಯಲು ಸೀಮೆಯ ಹೊರಗಿನವನು. ಆಧಾರ್, ವೋಟರ್ ಐಡಿ ಎಲ್ಲ ಇರುವ ನನಗೆ ಮಿಜೋರಾಂ ಒಳಗೆ ಕಾಲಿಡಲು ಇನ್ನರ್ ಲೈನ್ ಪರ್ಮಿಟ್ ಬೇಕು. 1873ರ ಬ್ರಿಟಿಷ್ ಕಾಲದ ಕಾಯ್ದೆ ಅದು. ಅವಧಿ ಮುಗಿದರೆ ಕಚೇರಿಗೆ ಓಡಬೇಕು. ನಾನಿದ್ದಾಗ ಹೊಳೆ ದಾಟಿ ಬಂದವನಿಗೆ ಅಂಥ ಚೀಟಿ ಯಾರೂ ಕೇಳುತ್ತಿರಲಿಲ್ಲ. ಮೊದಲು ನನಗೆ ಸಿಟ್ಟು ಬಂದಿತ್ತು, ಸುಳ್ಳು ಹೇಳಲ್ಲ. ಆಮೇಲೆ ಅನಿಸಿತು, ಭೂಪಟದವರಿಗೆ ನಾನು ಒಳಗಿನವನು, ಊರವರಿಗೆ ಅವರು ಒಳಗಿನವರು. ಅಡುಗೆಮನೆಯಲ್ಲಿ ಭೂಪಟ ಯಾರು ನೋಡುತ್ತಾರೆ?

ನೇರ ಮಾತು (ಬೆಂಗಳೂರು)

ಚೆನ್ನಾಗಿ ಬರೆದಿದ್ದೀರಿ. ಆದರೆ ಒಂದೇ ಕಡೆ ಬೆಳಕು ಬಿಡುತ್ತಿದ್ದೀರಿ. ಅದೇ ಜೋಖಾವ್‌ಥಾರ್‌ನಲ್ಲಿ ಗಡಿ ಕಾಯುವ ಅಸ್ಸಾಂ ರೈಫಲ್ಸ್ ಹೆರಾಯಿನ್, ನಶೆ ಮಾತ್ರೆ ಹಿಡಿಯುವುದು ವಾರ ವಾರದ ಸುದ್ದಿ. ಮಿಜೋರಾಂ ಜನಸಂಖ್ಯೆಯೇ 2011ರಲ್ಲಿ ಹನ್ನೊಂದು ಲಕ್ಷದ ಹತ್ತಿರ. ಅಲ್ಲಿ 30 ಸಾವಿರಕ್ಕೂ ಹೆಚ್ಚು ಬರ್ಮಾದವರು. ಜೊತೆಗೆ ಮಣಿಪುರದಿಂದ 2023ರ ಮೇ ಗಲಭೆಯ ನಂತರ ಬಂದ ಕುಕಿಗಳು, ಬಾಂಗ್ಲಾದಿಂದ ಬಂದ ಬಾಮ್ ಜನ.

ಇನ್ನೊಂದು ಕೇಳಲೇಬೇಕು. ಇಷ್ಟು ದೊಡ್ಡ ಮನಸ್ಸಿನ ಮಿಜೋರಾಂನಿಂದಲೇ 1997ರಲ್ಲಿ ಬ್ರೂ ಜನ ಓಡಿಹೋಗಬೇಕಾಯಿತಲ್ಲ? ಮೂವತ್ತು ಸಾವಿರಕ್ಕೂ ಹೆಚ್ಚು ಜನ ತ್ರಿಪುರಾದ ಕ್ಯಾಂಪುಗಳಲ್ಲಿ ಇಪ್ಪತ್ತು ವರ್ಷಕ್ಕಿಂತ ಜಾಸ್ತಿ ಕೊಳೆತರು. ಕೊನೆಗೆ 2020ರ ಜನವರಿಯಲ್ಲಿ ಅವರು ತ್ರಿಪುರಾದಲ್ಲೇ ಇರಲಿ ಅಂತ ಒಪ್ಪಂದವಾಯಿತು. ಅವರೂ ಮಿಜೋರಾಂನವರೇ, ಭಾರತದ ಪ್ರಜೆಗಳೇ. ಅವರು ಉನಾವ್ ಅಲ್ವಾ?

ರಸ್ತೆ ಮೇಸ್ತ್ರಿ (ಹಾವೇರಿ)

ಅಲ್ಲ. ಅದೇ ಉತ್ತರ. ರಕ್ತ ಸಂಬಂಧದ ಮೇಲೆ ನಿಂತ ದಯೆಗೆ ಅಂಚು ಇರುತ್ತದೆ, ಆ ಅಂಚಿನ ಆಚೆ ಬ್ರೂಗಳು ಬಿದ್ದರು. ಇದರಲ್ಲಿ ನಿಮ್ಮ ಜೊತೆ ನನಗೆ ಜಗಳವಿಲ್ಲ.

ಅಷ್ಟೇ ಅಲ್ಲ, ಉನಾವ್ ಅನ್ನಿಸಿಕೊಂಡ ಚಿನ್ನರನ್ನೇ 2003ರಲ್ಲಿ ಓಡಿಸಿದ್ದರು. ಒಬ್ಬ ಬರ್ಮಾದವನ ಮೇಲೆ ಅತ್ಯಾಚಾರದ ಆರೋಪ ಬಂತು. ಸಾವಿರಾರು ಜನರನ್ನು ಗಡಿಯಾಚೆ ಕಳಿಸಿದರು. ಮುಂದೆ ನಿಂತಿದ್ದು ನಾನು ಹೊಗಳಿದ ಅದೇ ಸಂಘದವರು. ನನಗೆ ಇದನ್ನು ಹೇಳಿದ್ದು ಚಂಫಾಯ್‌ನ ಚಹಾ ಅಂಗಡಿಯವರು, ಅವರೂ ಆಗ ಗುಂಪಿನಲ್ಲಿದ್ದರಂತೆ. ಈಗ ಅವರ ಮನೆಯ ಕೆಳಗಿನ ಅಂತಸ್ತಿನಲ್ಲಿ ಒಂದು ಬರ್ಮಾ ಕುಟುಂಬ ಬಾಡಿಗೆಯಿಲ್ಲದೆ ಇದೆ. ಎರಡನ್ನೂ ಒಂದೇ ದನಿಯಲ್ಲಿ ಹೇಳಿ ಚಹಾ ಸೋಸುತ್ತಾ ನಿಂತರು.

ಡ್ರಗ್ಸ್ ವಿಷಯ ನಿಜ. ಆದರೆ ಆ ದಾರಿ 2021ಕ್ಕಿಂತ ಹಳೆಯದು. ಕ್ಯಾಂಪಿನ ಬಾಣಂತಿ ತಂದದ್ದಲ್ಲ.

ಮುಳುಗಡೆ ಮೊಮ್ಮಗ (ಸಾಗರ)

ಚಹಾ ಅಂಗಡಿ ಮಾತು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ನಮ್ಮಜ್ಜ ಲಿಂಗನಮಕ್ಕಿಯಲ್ಲಿ ಮನೆ ಮುಳುಗಿಸಿಕೊಂಡು ಲಾರಿಯಲ್ಲಿ ಬಂದವರು. ಇಳಿಸಿದ ಊರಿನವರು ಅವರನ್ನು ಸಾಯುವವರೆಗೂ ‘ಮುಳುಗಡೆಯವರು’ ಅಂತಲೇ ಕರೆದರು. ಅದೂ ಕನ್ನಡ ಮಾತಾಡುವ, ಅದೇ ಜಿಲ್ಲೆಯ ಜನ.

ಮಿಜೋಗಳಿಗೆ ತಾವೂ ಹೀಗೆ ಓಡಿದ ನೆನಪೇನಾದರೂ ಇದೆಯಾ?

ರಸ್ತೆ ಮೇಸ್ತ್ರಿ (ಹಾವೇರಿ)

ಇದೆ, ಅದೇ ಬುಡ. 1966ರ ಫೆಬ್ರವರಿ ಕೊನೆಗೆ ಮಿಜೋ ದಂಗೆ. ಮಾರ್ಚ್ 5ರಂದು ನಮ್ಮದೇ ವಾಯುಸೇನೆ ಐಜಾಲ್ ಮೇಲೆ ಬಾಂಬ್ ಹಾಕಿತು. ನಮ್ಮ ಪಾಠದ ಪುಸ್ತಕದಲ್ಲಿ ಇದನ್ನು ಓದಿದ ನೆನಪು ನನಗಿಲ್ಲ. ಆಗ ಎಷ್ಟೋ ಜನ ಇದೇ ತಿಯಾವ್ ದಾಟಿ ಆಚೆ ಹೋಗಿ ಬಚಾವಾದರು. ಮುಂದಿನ ವರ್ಷ ಸೈನ್ಯ ಹಳ್ಳಿಗಳನ್ನು ಖಾಲಿ ಮಾಡಿಸಿ, ಮನೆಗಳನ್ನು ಸುಟ್ಟು, ಜನರನ್ನು ರಸ್ತೆ ಬದಿಯ ದೊಡ್ಡ ಕೇಂದ್ರಗಳಿಗೆ ಕೂಡಿಹಾಕಿತು. ‘ಖಾವ್‌ಖಾಮ್’ ಅನ್ನುತ್ತಾರೆ, ಊರುಗಳನ್ನು ಗುಡ್ಡೆ ಹಾಕಿದ್ದು. ಎಪ್ಪತ್ತು ದಾಟಿದ ಯಾರನ್ನೇ ಕೇಳಿ, ಸಾಲಿನಲ್ಲಿ ನಿಂತು ಅಕ್ಕಿ ತೆಗೆದುಕೊಂಡ ಕತೆ ಇರುತ್ತದೆ. ಶಾಂತಿ ಒಪ್ಪಂದ ಆದದ್ದು 1986ರ ಜೂನ್ 30ಕ್ಕೆ. ಜೋರಾಂಥಾಂಗ ಕೂಡ ಆ ದಂಗೆಯಲ್ಲಿ ಕಾಡಿನಲ್ಲಿದ್ದವರೇ.

ಸಿಸ್ಟರ್ (ಮಂಗಳೂರು)

ನಾನು 2022ರಲ್ಲಿ ಚಂಫಾಯ್ ಕಡೆ ಆರು ತಿಂಗಳು ನರ್ಸ್ ಕೆಲಸ ಮಾಡಿದ್ದೇನೆ. ಅನ್ನದ ವಿಷಯ ಎಲ್ಲರೂ ಹೇಳುತ್ತಾರೆ. ನಾನು ನೀರಿನ ವಿಷಯ ಹೇಳುತ್ತೇನೆ.

ಅಲ್ಲಿ ಊರುಗಳಿರುವುದು ಗುಡ್ಡದ ನೆತ್ತಿಯಲ್ಲೋ ಇಳಿಜಾರಿನಲ್ಲೋ. ಪ್ರತಿ ಮನೆಯ ತಗಡಿನ ಮಾಡಿಗೆ ನೀರು ಹರಿಯುವ ದಂಬೆ ಕಟ್ಟಿ ಮಳೆನೀರನ್ನು ಟ್ಯಾಂಕಿಗೆ ಇಳಿಸಿಕೊಳ್ಳುತ್ತಾರೆ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಅದೇ ಜೀವ. ಕ್ಯಾಂಪಿನ ಟಾರ್ಪಾಲಿನ್‌ಗೆ ದಂಬೆ ಎಲ್ಲಿ ಕಟ್ಟುತ್ತೀರಿ? ಕೆಳಗಿನ ಒರತೆಗೆ ಇಳಿಯಬೇಕು. ಊರಿನ ಹೆಂಗಸರೂ ಅದೇ ಒರತೆಗೆ ಬರುತ್ತಾರೆ. ಬಕೆಟ್ ಸಾಲು ಇಟ್ಟು ಬೆಳಗಿನ ಜಾವ ಮೂರಕ್ಕೇ ಕಾಯುವುದು. ಅಲ್ಲಿ ನಾನು ಮೊದಲ ಬಾರಿ ಜೋರು ಮಾತು ಕೇಳಿದ್ದು. ಅಕ್ಕಿ ಕೊಡುವಾಗ ನಗುತ್ತಿದ್ದ ಅದೇ ಅಮ್ಮ ಬಕೆಟ್ ಮುಂದೆ ತಳ್ಳಿದ್ದಕ್ಕೆ ಜಗಳ ತೆಗೆದರು. ತಪ್ಪು ಅನ್ನಲಾರೆ. ಅಕ್ಕಿ ಲಾರಿಯಲ್ಲಿ ಬರುತ್ತದೆ, ಒರತೆ ಇರುವಷ್ಟೇ.

ಕಾಲುವೆ ಕೊನೆ (ಸಿಂಧನೂರು)

ಈ ‘ಕ್ಯಾಂಪ್’ ಅನ್ನುವ ಪದದ ಬಗ್ಗೆ ನಮ್ಮ ತಾಲ್ಲೂಕಿನವರನ್ನು ಕೇಳಿ. ತುಂಗಭದ್ರಾ ಕಾಲುವೆ ಬಂದಾಗ ಆಂಧ್ರದಿಂದ ಬಂದು ಗದ್ದೆ ಮಾಡಿದವರ ಊರುಗಳೆಲ್ಲ ಇವತ್ತಿಗೂ ಕ್ಯಾಂಪುಗಳೇ. ಮೂರಂತಸ್ತಿನ ಮನೆ ಎದ್ದಿವೆ, ಕಾರು ನಿಂತಿವೆ, ಬಸ್ಸಿನ ಬೋರ್ಡಿನಲ್ಲಿ ಮಾತ್ರ ಕ್ಯಾಂಪ್. ಪೂರ್ವ ಬಂಗಾಳದಿಂದ ಬಂದವರನ್ನು ಕೂರಿಸಿದ್ದು ಆರ್.ಎಚ್. (ಅಂದರೆ ಪುನರ್ವಸತಿ) ಕ್ಯಾಂಪ್ ಒಂದು, ಎರಡು, ಮೂರು ಅಂತ ನಂಬರ್ ಹಾಕಿ. ಆ ನಂಬರೇ ಊರಿನ ಹೆಸರಾಯಿತು. ನನ್ನ ಜೊತೆ ಓದಿದ ಬಂಗಾಲಿ ಹುಡುಗ ನನಗಿಂತ ಚೆನ್ನಾಗಿ ರಾಯಚೂರು ಕನ್ನಡ ಮಾತಾಡುತ್ತಾನೆ. ಅವನ ಮನೆಯಲ್ಲಿ ದುರ್ಗಾ ಪೂಜೆ, ಊಟಕ್ಕೆ ಮೀನು, ಬಾಯಲ್ಲಿ ‘ಏನ್ಲೇ’.

ಅವರಲ್ಲಿ ಎಷ್ಟೋ ಜನ ದಾಖಲೆಗಾಗಿ ಕಚೇರಿ ಅಲೆದು ಅಲೆದು ವಯಸ್ಸಾದರು. ಹಾಗಾಗಿ ನನ್ನ ಪ್ರಶ್ನೆ ಮೇಸ್ತ್ರಿಗಳಿಗೆ: ಕ್ಯಾಂಪಿನವರು ಕೂಲಿಗೆ ಹೋಗುತ್ತಾರಲ್ಲ, ಸಮನಾದ ಕೂಲಿ ಸಿಗುತ್ತದಾ? ನಮ್ಮಲ್ಲಿ ಮೊದಲ ವರ್ಷಗಳಲ್ಲಿ ಸಿಗುತ್ತಿರಲಿಲ್ಲ ಅಂತ ಅವರ ಅಪ್ಪ ಹೇಳುತ್ತಿದ್ದರು.

ರಸ್ತೆ ಮೇಸ್ತ್ರಿ (ಹಾವೇರಿ)

ಈ ಪ್ರಶ್ನೆ ಬರುತ್ತದೆ ಅಂತ ಗೊತ್ತಿತ್ತು.

ಸಿಗುತ್ತಿರಲಿಲ್ಲ. ನಮ್ಮ ಕೆಲಸದಲ್ಲೇ ಸಿಗುತ್ತಿರಲಿಲ್ಲ. ಊರಿನವರಿಗಿಂತ ದಿನಕ್ಕೆ ನೂರು ರೂಪಾಯಿ ಕಡಿಮೆ. ಮಸ್ಟರ್ ರೋಲ್‌ನಲ್ಲಿ ಅವರ ಹೆಸರೇ ಇರುತ್ತಿರಲಿಲ್ಲ, ಬೇರೆ ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದೆವು. ಬರೆಯುತ್ತಿದ್ದವನು ನಾನೇ. ಗುತ್ತಿಗೆದಾರರು ಹೇಳಿದರು, ನಾನು ಬರೆದೆ. ಕಲ್ಲು ಹೊರುತ್ತಿದ್ದವರಲ್ಲಿ ಒಬ್ಬರು ಆಚೆ ಹೈಸ್ಕೂಲು ಮೇಷ್ಟ್ರಾಗಿದ್ದವರು. ಸಂಬಳದ ದಿನ ಸಹಿ ಹಾಕುವಾಗ ನನ್ನ ಲೆಕ್ಕದಲ್ಲಿ ಕೂಡಿಸಿದ್ದು ತಪ್ಪಾಗಿತ್ತು, ಅವರು ಪೆನ್ಸಿಲಿನಲ್ಲಿ ಸರಿ ಮಾಡಿಕೊಟ್ಟರು. ತಪ್ಪು ಅವರಿಗೇ ಲಾಭವಾಗುವಂತಿತ್ತು.

ಇದರಿಂದ ಊರಿನ ಹುಡುಗರಿಗೂ ಹೊಡೆತ. ಕಡಿಮೆ ಕೂಲಿಗೆ ಜನ ಸಿಕ್ಕರೆ ಅವರನ್ನು ಯಾರು ಕರೆಯುತ್ತಾರೆ? ಆ ಸಿಟ್ಟು ಗುತ್ತಿಗೆದಾರರ ಮೇಲೆ ಹೋಗುವುದಿಲ್ಲ, ಕ್ಯಾಂಪಿನ ಮೇಲೆ ಹೋಗುತ್ತದೆ.

ನೇರ ಮಾತು (ಬೆಂಗಳೂರು)

ಒಪ್ಪಿಕೊಂಡಿರಲ್ಲ, ಅದಕ್ಕೆ ಮೆಚ್ಚಿದೆ. ವಾಪಸ್ ಹೋಗುವ ಲಕ್ಷಣ ಏನಾದರೂ ಇದೆಯಾ?

ರಸ್ತೆ ಮೇಸ್ತ್ರಿ (ಹಾವೇರಿ)

ಹೋಗುತ್ತಾರೆ, ಬರುತ್ತಾರೆ. ನಾವು ಇಲ್ಲಿಂದ ನೋಡಿದರೆ ಒಂದು ಸಲ ಬಂದವರು ಬಂದರು ಅಂದುಕೊಳ್ಳುತ್ತೇವೆ. ಹಾಗಿಲ್ಲ.

2023ರ ನವೆಂಬರ್ 12, ಭಾನುವಾರ, ನರಕ ಚತುರ್ದಶಿ. ನಮ್ಮ ಶೆಡ್ ಊರ ಮೇಲ್ಭಾಗದಲ್ಲಿತ್ತು. ಸಂಜೆ ಮನೆಗೆ ಫೋನ್ ಹಚ್ಚಿದ್ದೆ. ಆಚೆ ದಡದಲ್ಲಿ ಗುಂಡಿನ ಸದ್ದು ಶುರುವಾಯಿತು. ಬರ್ಮಾ ಸೈನ್ಯದ ಎರಡು ಠಾಣೆಗಳ ಮೇಲೆ ಚಿನ್ ಪಡೆಗಳು ಬಿದ್ದಿದ್ದವು. ಅವ್ವ ಫೋನಿನಲ್ಲಿ, ‘ಅಲ್ಲೂ ಪಟಾಕಿ ಹಾರಸ್ತಾರೇನೋ?’ ಅಂದಳು. ಹೂಂ ಅಂದೆ.

ಬೆಳಗಾದರೆ ಸೇತುವೆ ಮೇಲೆ ಜನವೋ ಜನ. ಗ್ಯಾಸ್ ಸಿಲಿಂಡರ್ ಹೊತ್ತವರು, ಹಂದಿಮರಿ ಎತ್ತಿಕೊಂಡವರು, ಮಗುವನ್ನು ಪುಆನ್ ಬಟ್ಟೆಯಲ್ಲಿ ಬೆನ್ನಿಗೆ ಕಟ್ಟಿಕೊಂಡವರು. ಎರಡು ದಿನದಲ್ಲಿ ಐದು ಸಾವಿರದಷ್ಟು ಜನ ಬಂದರು ಅಂತ ಅಧಿಕಾರಿಗಳೇ ಹೇಳಿದರು. ಆಮೇಲೆ ಠಾಣೆ ಕಳೆದುಕೊಂಡ ಬರ್ಮಾ ಸೈನಿಕರೂ ಬಂದರು, ನಲವತ್ತಕ್ಕೂ ಹೆಚ್ಚು ಜನ. ಇವರನ್ನು ಓಡಿಸಿದವರೂ ಅದೇ ದಡಕ್ಕೆ ಬಂದು ಕೈಯೆತ್ತಿದರು. ಅವರನ್ನು ಮಾತ್ರ ನಮ್ಮ ಸರ್ಕಾರ ಹೆಲಿಕಾಪ್ಟರ್‌ನಲ್ಲಿ ಮಣಿಪುರದ ಮೋರೆಗೆ ಒಯ್ದು ಆಚೆ ಒಪ್ಪಿಸಿತು. ಜನ ಕೆಲವೇ ದಿನಗಳಲ್ಲಿ ತುಂಬ ಮಂದಿ ಖಾವ್‌ಮಾವಿಗೆ ಮರಳಿದರು. 2025ರ ಜುಲೈನಲ್ಲಿ ಮತ್ತೆ ಸಾವಿರಾರು ಜನ ಬಂದರು. ಈ ಸಲ ಹೊಡೆದಾಡಿದ್ದು ಚಿನ್ ಗುಂಪುಗಳೇ, ತಮ್ಮ ತಮ್ಮಲ್ಲೇ. ಅಲ್ಲಿನ ಗೆಳೆಯನಿಗೆ ಫೋನ್ ಮಾಡಿದಾಗ, ‘ಈ ಸಲ ಯಾರ ಪರ ಪ್ರಾರ್ಥನೆ ಮಾಡುವುದು ಅಂತ ಚರ್ಚಿನಲ್ಲಿ ಗೊತ್ತಾಗುತ್ತಿಲ್ಲ’ ಅಂದ.

ರಾಶಿ ಇಡಿ (ತೀರ್ಥಹಳ್ಳಿ)

ಪ್ರಶ್ನೆ ಹಾಕಿ ತೋಟಕ್ಕೆ ಹೋಗಿದ್ದೆ, ಬಂದು ನೋಡಿದರೆ ಇಷ್ಟು ಬೆಳೆದಿದೆ. ಮೇಸ್ತ್ರಿಯವರೇ, ನನ್ನ ಮೂಲ ತಲೆನೋವು ಹಾಗೇ ಉಳಿಯಿತು. ಅಡಿಕೆ ಹೊರುವವರು ಯಾರು? ಕ್ಯಾಂಪಿನವರಾ?

ರಸ್ತೆ ಮೇಸ್ತ್ರಿ (ಹಾವೇರಿ)

ಅವರೂ ಇರಬಹುದು. ರಾತ್ರಿ ಹೊಳೆಯಲ್ಲಿ ಮೂಟೆ ಹೊರಲು ಕೂಲಿ ಕೊಡುತ್ತಾರೆ, ಹೊಟ್ಟೆಗಿಲ್ಲದವನು ಹೊರುತ್ತಾನೆ. ಮೂಟೆ ಯಾರದ್ದು ಅಂತ ಹೊರುವವನಿಗೆ ಗೊತ್ತಿರುವುದಿಲ್ಲ. ಅದರಲ್ಲಿ ಇಂಡೋನೇಷ್ಯಾದಿಂದ ಬರ್ಮಾಕ್ಕೆ ಬಂದ ಮಾಲೂ ಇರುತ್ತದೆ ಅನ್ನುತ್ತಾರೆ. ಅಂದಹಾಗೆ ಮಿಜೋರಾಂನ ಮಾಮಿತ್, ಕೋಲಾಸಿಬ್ ಕಡೆಯೂ ಅಡಿಕೆ ಬೆಳೆಗಾರರಿದ್ದಾರೆ. ಅವರ ಲಾರಿಯನ್ನೂ ಬರ್ಮಾ ಮಾಲು ಅಂತ ತಡೆಯುತ್ತಾರೆ ಅಂತ ಅವರೂ ನಿಮ್ಮ ಥರವೇ ಗೋಳಾಡುತ್ತಾರೆ.

ಒಂದು ಸಲ ಕ್ಯಾಂಪಿನಲ್ಲಿ ಒಬ್ಬ ಅಜ್ಜಿ ನನಗೆ ‘ಕುಹ್ವಾ’ ಕೊಟ್ಟರು. ಎಲೆ, ಸುಣ್ಣ, ಅಡಿಕೆ. ಮನೆಗೆ ಬಂದವರಿಗೆ ಅಲ್ಲಿ ಅದನ್ನೇ ಕೊಡುವುದು. ಅವರ ಹತ್ತಿರ ಕೊಡಲು ಬೇರೆ ಏನೂ ಇರಲಿಲ್ಲ ಅಂತ ಕಾಣುತ್ತದೆ.

ರಾಶಿ ಇಡಿ (ತೀರ್ಥಹಳ್ಳಿ)

ಹಸಿಯೋ ಒಣಗಿದ್ದೋ?

ರಸ್ತೆ ಮೇಸ್ತ್ರಿ (ಹಾವೇರಿ)

ಹಸಿ. ತಲೆ ಗಿರ್ ಅಂತು, ಕಿವಿ ಬಿಸಿಯಾಗಿ ಬೆವರಿಬಿಟ್ಟೆ. ಅಜ್ಜಿ ನಕ್ಕು ನಕ್ಕು ಮೊಮ್ಮಗಳನ್ನು ಕೂಗಿದರು. ಅವಳು ಒಂದು ಲೋಟ ನೀರು ತಂದಳು. ಸಿಸ್ಟರ್ ಬರೆದದ್ದನ್ನು ಓದುವವರೆಗೂ, ಆ ನೀರಿಗೆ ಅವಳು ಎಷ್ಟು ಹೊತ್ತಿಗೆ ಎದ್ದಿರಬಹುದು ಅಂತ ನಾನು ಯೋಚನೆ ಮಾಡಿರಲಿಲ್ಲ. ಪೂರ್ತಿ ಕುಡಿದೂ ಇರಲಿಲ್ಲ. ಅರ್ಧ ಕುಡಿದು ಉಳಿದದ್ದರಲ್ಲಿ ಬಾಯಿ ಮುಕ್ಕಳಿಸಿ ಉಗುಳಿದ್ದೆ.